ಸರ್ವಶ್ರೇಷ್ಠ ಮಲ್ಲನಿಗೆ ನೂರಕ್ಕೆ ಎಷ್ಟು?

ಕ್ಷೌರದ ಕುರ್ಚಿಯಲ್ಲಿ ಕುಳಿತು ವಾದ ಮಾಡಬಾರದು. ಇದು ನಾನು ಸ್ವಾನುಭವದಿಂದ ಕಂಡುಕೊಂಡ ಸಣ್ಣ ಸತ್ಯ. ಬಿಳಿ ಬಟ್ಟೆಯೊಳಗೆ ಕೈಗಳು ಸೆರೆ, ಬೆರಳೆತ್ತಿ ಎಚ್ಚರಿಸುವಂತಿಲ್ಲ. ತಲೆಯಂತೂ ಪರಾಧೀನ, ಅಸಮ್ಮತಿಯನ್ನು ಸೂಚಿಸಲು ಅಡ್ಡಡ್ಡ ಆಡಿಸಿದರೆ ಕಿವಿಗೆ ಅಪಾಯ. ಹಿಂದಿನ ಬೆಂಚಿನಲ್ಲಿ ಪತ್ರಿಕೆ ಹಿಡಿದು ಕುಳಿತ ಎದುರಾಳಿಯೋ ಸರ್ವಸ್ವತಂತ್ರ. ಕನ್ನಡಿಯಲ್ಲಿ ಅವನ ನಗು ಮಾತ್ರ ನಮಗೆ ಕಾಣುತ್ತದೆ. ಇಷ್ಟೆಲ್ಲ ಅನನುಕೂಲಗಳ ನಡುವೆಯೂ ನಾನು ಎರಡು ವರ್ಷ, ಹದಿನೈದು ದಿನಕ್ಕೊಂದು ಭಾನುವಾರದಂತೆ, ಚಿಂತಾಮಣಿಯ ಒಂದು ಸಲೂನಿನಲ್ಲಿ ವಾದ ಮಾಡಿದೆ. ಬಹುಪಾಲು ಗೆದ್ದೆ ಕೂಡ. ಗೆದ್ದದ್ದರ ಫಲವಾಗಿ ಆ ಸಲೂನಿನ ಒಡೆಯನ ಬಲಗೈಯ ಎರಡು ಬೆರಳುಗಳಿಗೆ ಈಗ ಕತ್ತರಿಯ ಗುರುತೇ ಹತ್ತುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಸೀಟಿ ಊದಿದ ಪಿ.ಟಿ. ಮೇಷ್ಟ್ರು. ನಾಲ್ಕೂವರೆಗೆ ಏಳುವುದು, ಐದಕ್ಕೆ ಅಂಬಾಜಿದುರ್ಗದ ಕಡೆಗೆ ನಡಿಗೆ, ಆರೂವರೆಗೆ ಸ್ನಾನ, ಏಳಕ್ಕೆ ರಾಗಿ ಗಂಜಿ. ನಿವೃತ್ತಿಯ ಬಳಿಕ ಈ ವೇಳಾಪಟ್ಟಿ ಬಿಗಿಯಾಯಿತೇ ಹೊರತು ಸಡಿಲವಾಗಲಿಲ್ಲ. "ನಮ್ಮನೇಲಿ ಗಡಿಯಾರ ನಿಂತೋದ್ರೆ ಇವ್ರನ್ನ ನೋಡಿ ಸರಿ ಮಾಡ್ಕೊತೀವಿ" ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳುವುದನ್ನು ನಾನು ಹೊಗಳಿಕೆಯೆಂದೇ ಸ್ವೀಕರಿಸಿದ್ದೇನೆ. ಕ್ಷೌರ ಭಾನುವಾರ ಬೆಳಿಗ್ಗೆ ಏಳೂ ಮುಕ್ಕಾಲಕ್ಕೆ. ಸಲೂನಿನ ಗಂಗಾಧರ ನನ್ನದೇ ಶಾಲೆಯಲ್ಲಿ ಓದಿದವನು, ಈಗ ಇಪ್ಪತ್ತೆಂಟು ವರ್ಷದವನು. ನನ್ನ ತಲೆಯನ್ನು ಹೇಗೆ ಕತ್ತರಿಸಬೇಕೆಂದು ಅವನಿಗೆ ಎಂದೂ ಹೇಳಬೇಕಾಗಿರಲಿಲ್ಲ.

ಅಮೆರಿಕದ ಶನಿವಾರ ರಾತ್ರಿ ನಮಗೆ ಭಾನುವಾರ ಬೆಳಿಗ್ಗೆಯಾಗುವುದರಿಂದ, ಆ ದೇಶದವರು ಪಂಜರದೊಳಗೆ ಇಬ್ಬರನ್ನು ಬಿಟ್ಟು ಕಾದಾಡಿಸುವ ಎಂಎಂಎ ಎಂಬ ಆಟ ಸರಿಯಾಗಿ ನನ್ನ ಕ್ಷೌರದ ಹೊತ್ತಿಗೇ ಸಲೂನಿನ ಟೀವಿಯಲ್ಲಿ ಬರುತ್ತಿತ್ತು. ಗುದ್ದು, ಒದೆ, ಕುಸ್ತಿ, ಕೀಲು ತಿರುಚುವುದು ಎಲ್ಲವೂ ಸೇರಿದ ಮಿಶ್ರಣ. ಮೊದಲ ದಿನ ಒಬ್ಬ ಇನ್ನೊಬ್ಬನ ಎದೆಯ ಮೇಲೆ ಕೂತು ಗುದ್ದುತ್ತಿರುವುದನ್ನು ಕಂಡು ನಾನು ಕುರ್ಚಿಯಿಂದ ಏಳಹೋಗಿದ್ದೆ.

"ಇದೇನೋ ಗಂಗಾ, ಬಿಡಿಸೋರು ಯಾರೂ ಇಲ್ವೇನೋ?"

"ಇದಾರಲ್ಲ ಸಾರ್, ಆ ಕಪ್ಪು ಅಂಗಿಯವರು. ತಟ್ಟಿದ್ರೆ ಬಿಡಿಸ್ತಾರೆ."

ಸೋಲೊಪ್ಪಿಕೊಳ್ಳುವವನು ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಮೂರು ಸಲ ಅಂಗೈಯಿಂದ ತಟ್ಟಬೇಕಂತೆ. ಅಷ್ಟಕ್ಕೇ ಜಗಳ ನಿಲ್ಲುತ್ತದೆ. ಇಷ್ಟು ಸುಲಭವಾಗಿ ನಿಲ್ಲುವ ಜಗಳವನ್ನು ನಾನು ಮದುವೆಯಾದಂದಿನಿಂದ ಕಂಡಿರಲಿಲ್ಲ.

ಬೆಂಚಿನ ಮೇಲಿನ ನನ್ನ ನಿತ್ಯದ ಎದುರಾಳಿ ವೆಂಕಟರವಣಪ್ಪನವರು, ನಿವೃತ್ತ ಬಸ್ ಕಂಡಕ್ಟರು. ಕ್ಷೌರಕ್ಕೆ ಅವರ ತಲೆಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ, ವಾದಕ್ಕೆಂದೇ ಬರುತ್ತಿದ್ದರು. ಎಂಎಂಎಯಲ್ಲಿ ಸಾರ್ವಕಾಲಿಕ ಸರ್ವಶ್ರೇಷ್ಠ ಯಾರು ಎಂಬ ಪ್ರಶ್ನೆ ಎದ್ದದ್ದೇ ನಾವು ಮೂವರೂ ಮೂರು ದಿಕ್ಕಾದೆವು. ಒಂದೂ ಸೋಲದೆ ನಿವೃತ್ತನಾದವನೇ ದೊಡ್ಡವನು ಎಂದು ವೆಂಕಟರವಣಪ್ಪನವರ ಪಕ್ಷ. "ಎಲ್ಲಿ ಇಳೀಬೇಕು ಅಂತ ಗೊತ್ತಿರೋನೇ ಗೊಪ್ಪೋಡು ಮೇಷ್ಟ್ರೇ. ಸ್ಟಾಪು ದಾಟಿದ್ಮೇಲೆ ಬೆಲ್ ಹೊಡಿ ಅಂತ ಕೂಗೋ ಪ್ಯಾಸೆಂಜರ್‌ಗಳನ್ನ ನಾನೆಷ್ಟು ನೋಡಿಲ್ಲ?" ಎಂದು ನಡುವೆ ತೆಲುಗು ಬೆರೆಸಿ ಹೇಳುತ್ತಿದ್ದರು. ಗಂಗಾಧರನದು ಬೇರೆ ಮತ. ಸಿಕ್ಕಸಿಕ್ಕ ಬಲಶಾಲಿಗಳನ್ನೆಲ್ಲ ಎದುರಿಸಿ, ತನಗಿಂತ ಭಾರದ ವರ್ಗಕ್ಕೂ ಏರಿ, ಸೋತರೂ ಮತ್ತೆ ಬಂದವನು ಶ್ರೇಷ್ಠ. "ಹೆದರ್ಕೊಂಡು ಮನೇಲಿದ್ರೆ ನಾನೂ ಸೋತಿಲ್ಲ ಬಿಡಿ ಅಣ್ಣ" ಎನ್ನುತ್ತಿದ್ದ.

ನನಗೆ ಇಂಥ ಬಾಯಿಮಾತಿನ ತೀರ್ಮಾನಗಳು ಹಿಡಿಸುವುದಿಲ್ಲ. ಮೌಲ್ಯಮಾಪನಕ್ಕೆ ಪದ್ಧತಿ ಬೇಕು. ಒಂದು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು ಅಂಕಪಟ್ಟಿ ಮಾಡಿದೆ: ಗೆಲುವಿಗೆ ಮೂವತ್ತು, ಎದುರಾಳಿಗಳ ಯೋಗ್ಯತೆಗೆ ಮೂವತ್ತು, ಎಷ್ಟು ತೂಕದ ವರ್ಗಗಳಲ್ಲಿ ಸೆಣಸಿದ ಎಂಬುದಕ್ಕೆ ಹದಿನೈದು, ಎಷ್ಟು ಕಾಲ ಬಾಳಿದ ಎಂಬುದಕ್ಕೆ ಹದಿನೈದು, ನಡತೆಗೆ ಹತ್ತು. ಒಟ್ಟು ನೂರು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೊಬ್ಬ ನಿರುಪದ್ರವಿ ಮುದುಕನಾಗಿ ಉಳಿಯುತ್ತಿದ್ದೆ. ಆದರೆ ಮೈದಾನದಲ್ಲಿ ಸುಸ್ತಾಗಿ ಕೂತ ಮಕ್ಕಳನ್ನು "ತಡ್ಕೋ, ಇನ್ನೂ ಹತ್ತು" ಎಂದು ಎಬ್ಬಿಸಿ ಓಡಿಸಿದ ಹಳೆಯ ಮೇಷ್ಟ್ರು ಒಳಗೆ ಕೂತಿದ್ದನಲ್ಲ, ಅವನು ಕೊನೆಯಲ್ಲೊಂದು ಸಾಲು ಸೇರಿಸಿದ: ತಟ್ಟಿ ಶರಣಾದವರಿಗೆ ಸಲಕ್ಕೆ ಹತ್ತು ಅಂಕ ಕಡಿತ. ಪೆಟ್ಟು ತಿಂದು ಎಚ್ಚರ ತಪ್ಪಿದರೆ ಕಡಿತವಿಲ್ಲ, ಅದರಲ್ಲಿ ಅವರ ತಪ್ಪೇನಿದೆ?

ಇದನ್ನು ಓದಿ ಹೇಳಿದಾಗ ವೆಂಕಟರವಣಪ್ಪನವರು ಪತ್ರಿಕೆ ಮಡಿಚಿಟ್ಟರು.

"ಪ್ರಜ್ಞೆ ತಪ್ಪಿದೋನಿಗೆ ಫುಲ್ ಮಾರ್ಕ್ಸು, ಬುದ್ಧಿ ಇದ್ದೋನಿಗೆ ಕಟ್! ಇದ್ಯಾವ ಸ್ಕೂಲ್ ಮೇಷ್ಟ್ರೇ ನಿಮ್ದು?"

"ನಿಮ್ಮಂಥೋರು ಫೇಲಾಗೋ ಸ್ಕೂಲು" ಎಂದೆ. ಗಂಗಾಧರ ಕತ್ತರಿ ಎತ್ತಿ ಹಿಡಿದು ನಕ್ಕ. ನಕ್ಕು ಮುಗಿಯುವವರೆಗೆ ನನ್ನ ಕಿವಿಯ ಬಳಿ ಕೈ ತರಲಿಲ್ಲ, ಅಷ್ಟು ಜಾಗರೂಕ. ಆ ವಾದವನ್ನು ನಾನು ಗೆದ್ದೆನೆಂದು ದಾಖಲಾಯಿತು. ಇಡೀ ಎರಡು ವರ್ಷದಲ್ಲಿ ಆ ಸಲೂನಿನೊಳಗೆ ಆಡಿದ ಮಾತುಗಳಲ್ಲಿ ವಿವೇಕದ್ದೆಂದರೆ ಕಂಡಕ್ಟರರ ಆ ಒಂದೇ ಮಾತು, ಅದನ್ನು ನಗೆಯಲ್ಲಿ ಹಾರಿಸಿದವನು ನಾನು.

ಮಂಗಳವಾರ ಸಲೂನುಗಳಿಗೆ ರಜೆ. ಪ್ರತಿ ಮಂಗಳವಾರ ಗಂಗಾಧರ ಬೆಳಗಿನ ಬಸ್ಸಿಗೆ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿ ಮಹಡಿಯೊಂದರಲ್ಲಿ ಚಾಪೆ ಹಾಸಿ ಕಲಿಸುವವರಲ್ಲಿ ಇದೇ ವಿದ್ಯೆ ಕಲಿಯುತ್ತಿದ್ದಾನೆಂದು ನನಗೆ ತಿಳಿದದ್ದು ತಡವಾಗಿ. ತಿಳಿದಾಗ ಹೆಮ್ಮೆಯೇ ಆಯಿತೆನ್ನಿ. ಬೆಳಗಿನ ಊಟ, ನಿದ್ದೆ, ದಂಡ ಬಸ್ಕಿಗಳಿಗೆ ಒಂದು ವೇಳಾಪಟ್ಟಿ ಬರೆದುಕೊಟ್ಟೆ. ಅವನು ಅದನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡ.

ಗೌರಿಬಿದನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಅವನ ಮೊದಲ ಪಂದ್ಯ. ಮಂಗಳವಾರ ಯಾರೂ ಮದುವೆ ಇಟ್ಟುಕೊಳ್ಳದ ಕಾರಣ ಮಂಟಪ ಖಾಲಿ ಸಿಕ್ಕಿತ್ತು. ಗಂಗಾಧರನಿಗೂ ಅಂಗಡಿ ರಜೆ. ನಾನೂ ವೆಂಕಟರವಣಪ್ಪನವರೂ ಬಸ್ಸಿನಲ್ಲಿ ಹೊರಟೆವು. ಅವರು ಮೊದಲು ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಅರಿಸಿನ ಕುಂಕುಮ ಇಟ್ಟು ಬರೋಣವೆಂದರು. ಹೊತ್ತಾಗುತ್ತದೆಂದು ನಾನು ಒಪ್ಪಲಿಲ್ಲ. ಮಂಟಪದೊಳಗೆ ವಧೂವರರ ಸಿಂಹಾಸನಗಳನ್ನು ಗೋಡೆಗೆ ಒತ್ತರಿಸಿ ನಡುವೆ ಜಾಲರಿಯ ಪಂಜರ ನಿಲ್ಲಿಸಿದ್ದರು. ಹಿಂದಿನ ಮದುವೆಯ ಹೂವಿನ ಅಕ್ಷರಗಳು ಅರ್ಧ ಉದುರಿ ಇನ್ನೂ ಅಲ್ಲೇ ತೂಗುತ್ತಿದ್ದವು.

ಮೊದಲ ಸುತ್ತಿನಲ್ಲಿ ಗಂಗಾಧರ ಚೆನ್ನಾಗಿಯೇ ಆಡಿದ. ಎರಡನೆಯದರಲ್ಲಿ ಕೆಳಗೆ ಬಿದ್ದ. ಎದುರಾಳಿ ಅವನ ಬಲಗೈಯನ್ನು ತನ್ನೆರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಮೊಣಕೈಯನ್ನು ಹಿಂದಕ್ಕೆ ಬಗ್ಗಿಸತೊಡಗಿದ. ಎಡಗೈ ಸಂಪೂರ್ಣ ಬಿಡುವಾಗಿತ್ತು. ಅಂಗೈ ತೆರೆದೇ ಇತ್ತು. ನೆಲಕ್ಕೂ ಅದಕ್ಕೂ ಗೇಣುದ್ದದ ಅಂತರ. ಅವನ ಮುಖ ನಮ್ಮ ಕಡೆ ತಿರುಗಿತ್ತು. ಆಗ ಮೂವತ್ತಮೂರು ವರ್ಷದ ಅಭ್ಯಾಸ ನನ್ನ ಗಂಟಲಿನಿಂದ ತಾನಾಗಿ ಹೊರಬಿತ್ತು:

"ತಡ್ಕೊಳೋ ಗಂಗಾ!"

ಅವನು ತಡೆದುಕೊಂಡ. ಒಣಗಿದ ಕಡ್ಡಿ ಮುರಿದಂಥ ಸದ್ದು ಮೂರನೆಯ ಸಾಲಿಗೂ ಕೇಳಿಸಿತು.

ಆಸ್ಪತ್ರೆಯ ಮಂಚದ ಮೇಲೆ, ಕೈಗೆ ಪಟ್ಟಿ ಸುತ್ತಿಸಿಕೊಂಡು, ಅವನು ನನ್ನನ್ನು ಕಂಡೊಡನೆ ನಕ್ಕದ್ದನ್ನು ನಾನು ಮರೆಯಲಾರೆ.

"ತಟ್ಟಲಿಲ್ಲ ಸಾರ್ ನಾನು. ನೋಡಿದ್ರಲ್ಲ? ಹತ್ತು ಮಾರ್ಕ್ಸ್ ಕಟ್ ಮಾಡಂಗಿಲ್ಲ."

"ಇಲ್ಲಪ್ಪ, ಮಾಡಲ್ಲ" ಎಂದೆ.

ಮೂಳೆ ಕೂಡಿತು. ಆದರೆ ಮೊಣಕೈಯ ಒಳಬದಿಯಲ್ಲಿ ಒಂದು ನರ ಹಾದುಹೋಗುತ್ತದಂತೆ. ಬಾಗಿಲಿಗೆ ತಗುಲಿದರೆ ಜುಮ್ಮೆನ್ನುತ್ತದಲ್ಲ, ಅದೇ. ಉಂಗುರದ ಬೆರಳು, ಕಿರುಬೆರಳು ಎರಡಕ್ಕೂ ಅದೇ ಆಧಾರ. ಅದಕ್ಕೆ ಪೆಟ್ಟಾಗಿತ್ತು. ತಿಳಿಯದವರು ಎರಡು ಬೆರಳು ತಾನೆ ಎನ್ನಬಹುದು. ಕ್ಷೌರಿಕ ಕತ್ತರಿ ಹಿಡಿಯುವುದನ್ನು ಒಮ್ಮೆ ಗಮನಿಸಿ. ಮೇಲಿನ ಕಣ್ಣಿಗೆ ಹೆಬ್ಬೆರಳು, ಕೆಳಗಿನ ಕಣ್ಣಿಗೆ ಉಂಗುರದ ಬೆರಳು, ಅದರ ಹಿಂದೆ ಚಾಚಿದ ಪುಟ್ಟ ಬಾಲಕ್ಕೆ ಕಿರುಬೆರಳು. ಐವತ್ತು ವರ್ಷ ಕ್ಷೌರದ ಕುರ್ಚಿಗಳಲ್ಲಿ ಕೂತ ನಾನು ಇದನ್ನು ಗಮನಿಸಿದ್ದು ಗಂಗಾಧರನ ಕೈ ಹೋದ ಮೇಲೆ. ನನ್ನ ಅಂಕಪಟ್ಟಿಯಲ್ಲಿ ಎಷ್ಟೊಂದು ಕಲಮುಗಳಿದ್ದವು! ಪಂದ್ಯ ಮುಗಿದ ಮರುದಿನ ಮನುಷ್ಯ ಯಾವ ಕೆಲಸಕ್ಕೆ ಹೋಗಬೇಕು ಎಂಬುದಕ್ಕೆ ಒಂದೂ ಇರಲಿಲ್ಲ. ತಟ್ಟಿದ್ದರೆ ಅವನು ಬುಧವಾರ ಬೆಳಿಗ್ಗೆ ಎಂದಿನಂತೆ ಅಂಗಡಿ ತೆರೆಯುತ್ತಿದ್ದ. ಶ್ರೇಷ್ಠತೆಯ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವವರು ನಾವು ಎಂದೂ ಪಂಜರದೊಳಗೆ ಕಾಲಿಟ್ಟವರಲ್ಲ. ಬೆಂಚಿನ ಮೇಲೆ ಕೂತವರಿಗೆ ಇನ್ನೊಬ್ಬರ ಮೊಣಕೈ ಬಹಳ ಗಟ್ಟಿಯಾಗಿ ಕಾಣುತ್ತದೆ.

ಐದು ತಿಂಗಳ ನಂತರ ಒಂದು ಶನಿವಾರ ಅವನ ಫೋನು ಬಂತು. "ಸಾರ್, ನಾಳೆ ಏಳೂ ಮುಕ್ಕಾಲು. ಮೊದಲ್ನೇ ತಲೆ ನಿಮ್ದೇ." ಅಷ್ಟು ದಿನ ನನ್ನ ಕೂದಲನ್ನು ಹೆಂಡತಿ ಹೇಗೋ ಸಮಮಾಡುತ್ತಿದ್ದಳು. ಹೋದೆ. ಟೀವಿ ಹಾಕಿರಲಿಲ್ಲ. ವೆಂಕಟರವಣಪ್ಪನವರು ಬೆಂಚಿನ ತುದಿಯಲ್ಲಿ ಪತ್ರಿಕೆ ಬಿಡಿಸದೆ ಕೂತಿದ್ದರು.

ಎಡಭಾಗವನ್ನು ಮುಗಿಸಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡು ಸಲ ಕತ್ತರಿ ಕೈಜಾರಿ ನೆಲಕ್ಕೆ ಬಿತ್ತು. ಎರಡು ಸಲವೂ ಬಗ್ಗಿ ಎತ್ತಿಕೊಂಡು, ಎಡಗೈಯಿಂದ ಆ ಬೆರಳುಗಳನ್ನು ಹಿಡಿದು, ದಾರ ಪೋಣಿಸುವಂತೆ ಕತ್ತರಿಯ ಕಣ್ಣಿಗೆ ತೂರಿಸಿದ. ಕನ್ನಡಿಯಲ್ಲಿ ನೋಡಲಾರದೆ ನಾನು ಕಣ್ಣು ಮುಚ್ಚಿದೆ.

"ಸಾಕು ಬಿಡೋ ಗಂಗಾ."

"ಇರಿ ಸಾರ್, ಒಂದ್ನಿಮಿಷ."

"ಅಪ್ಪಾ, ಮೊಂಡಿತನಂ ಚೆಯ್ಯೊದ್ದು, ಕೈಗೆ ರೆಸ್ಟ್ ಕೊಡು" ಎಂದು ವೆಂಕಟರವಣಪ್ಪನವರೂ ಅಂದರು. ಅವನು ಕೇಳಲಿಲ್ಲ. ಸಾಕು ಎಂಬ ಪದವನ್ನು ನಾನು ಅವನಿಗೆ ಯಾವತ್ತು ಕಲಿಸಿದ್ದೆ?

ಮೂರನೆಯ ಸಲ ಬಿದ್ದಾಗ ಎತ್ತಿಕೊಳ್ಳಲಿಲ್ಲ. ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, "ಆಗ್ತಿಲ್ಲ ಸಾರ್" ಎಂದ. ಸಾವಧಾನ್, ವಿಶ್ರಾಮ್, ಎಡಕ್ಕೆ ತಿರುಗು, ಮುಂದೆ ನಡೆ ಎಂದು ನನ್ನ ಬಳಿ ಎಷ್ಟೋ ಆಜ್ಞೆಗಳಿವೆ. ಆ ಕ್ಷಣಕ್ಕೆ ಹೊಂದುವಂಥದ್ದು ಒಂದೂ ಇರಲಿಲ್ಲ. ಐದು ತಿಂಗಳಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

"ಅವತ್ತು ನಾನು ತಡ್ಕೊ ಅಂತ ಕೂಗಬಾರ್ದಿತ್ತು ಕಣೋ."

ಅವನು ತಲೆಯೆತ್ತಿ ನಿಜವಾದ ಆಶ್ಚರ್ಯದಿಂದ ನನ್ನನ್ನು ನೋಡಿದ.

"ಕೂಗಿದ್ರಾ ಸಾರ್? ನಂಗೆ ಕೇಳಿಸ್ಲೇ ಇಲ್ವಲ್ಲ!"

ಇದು ನನ್ನ ಮೇಲಿನ ಕರುಣೆಯಿಂದ ಹೇಳಿದ ಸುಳ್ಳಾಗಿದ್ದರೆ ನಾನು ಹೇಗೋ ಬದುಕಬಲ್ಲೆ. ನಿಜವಾಗಿದ್ದರೆ? ನನ್ನ ಕೂಗು ಕೇಳಿಸದೆಯೂ ಅವನು ತಟ್ಟಲಿಲ್ಲವೆಂದರೆ, ಕೂಗುವ ಅಗತ್ಯವೇ ಇಲ್ಲದಷ್ಟು ಆಳಕ್ಕೆ ಅದನ್ನು ನಾನು ಎಂದೋ ಇಳಿಸಿಬಿಟ್ಟಿದ್ದೆ. ಮಕ್ಕಳು ಕಲಿಯುವುದಿಲ್ಲವೆಂದು ಮೇಷ್ಟರುಗಳು ಗೊಣಗುತ್ತೇವೆ. ಕಲಿತುಬಿಡುತ್ತಾರೆ ಎಂಬುದೇ ಹೆಚ್ಚು ಭಯಂಕರ.

ಉಳಿದರ್ಧಕ್ಕೆ ಯಾರನ್ನಾದರೂ ಕರೆಯುತ್ತೇನೆ ಎಂದ. ಬೇಡ, ನಿನ್ನ ಕೈಯಿಂದಲೇ ಆಗಲಿ, ಕಾಯುತ್ತೇನೆ ಎಂದು ಹೇಳಿ ಎದ್ದು ಬಂದೆ. ಭಾನುವಾರದ ಸಂತೆಯಂಥ ಬೀದಿಯಲ್ಲಿ ಒಂದೇ ಕಡೆ ಕೂದಲಿಳಿಸಿಕೊಂಡ ನನ್ನನ್ನು ಜನ ತಿರುಗಿ ತಿರುಗಿ ನೋಡಿದರು. ಹಳೆಯ ವಿದ್ಯಾರ್ಥಿಯೊಬ್ಬ ನಮಸ್ಕಾರಕ್ಕೆ ಎತ್ತಿದ ಕೈಯನ್ನು ಅರ್ಧದಲ್ಲೇ ಇಳಿಸಿದ. "ಬೇರೆ ಕಡೆ ಹೋಗಿ ಸರಿ ಮಾಡಿಸ್ಕೊಂಡಾದ್ರೂ ಬನ್ರೀ, ನೋಡಿದೋರು ಏನಂದಾರು?" ಎಂದು ಹೆಂಡತಿ ದಿನಾ ಹೇಳುತ್ತಾಳೆ. ನಾನು ಹೋಗಿಲ್ಲ. ಇಂದಿಗೆ ಹತ್ತೊಂಬತ್ತು ದಿನ. ಎಡಗಡೆ ಅವನು ಕತ್ತರಿಸಿದ್ದು ಕಿವಿಯ ಮೇಲೆ ಇನ್ನೂ ನೇರವಾಗಿಯೇ ಇದೆ, ಬಲಗಡೆಯದು ಕಿವಿಯನ್ನು ಮುಚ್ಚುತ್ತ ಬಂದಿದೆ. ಗಂಜಿ ಕುಡಿದ ಮೇಲೆ ಈಗ ದಿನಾ ಏಳೂ ಮುಕ್ಕಾಲಕ್ಕೆ ಆ ಬೀದಿಯಲ್ಲೊಂದು ಸುತ್ತು ಹೋಗಿ ಬರುತ್ತೇನೆ. ಸಲೂನಿನ ಶಟರ್ ಎಳೆದೇ ಇದೆ.