ಖಾಲಿ ಕುರ್ಚಿಗಳ ಪರಿಚಯ

"ನನ್ನ ಪರಿಚಯ ನಾನೇ ಹೇಳ್ಕಂಡ್ರೆ ಎಂತ ಚಂದ? ನೀನೇ ಹೇಳು, ತಮ್ಮಾ," ಎಂದು ವೃದ್ಧ ಕಾರ್ಯದರ್ಶಿಗಳು ಕುರ್ಚಿಯಲ್ಲಿ ಕುಳಿತರು.

ಕುಮಟೆಯ ಶಾಲಾ ಕೋಣೆಯಲ್ಲಿ ಅಂದು ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘದ ಸಭೆ. ಬಂದಿದ್ದವನು ಆಗಷ್ಟೇ ಬಿ.ಎ. ಮುಗಿಸಿದ್ದ ನಾನೊಬ್ಬನೇ. ಸ್ವಾತಂತ್ರ್ಯ ಚಳವಳಿಗಿಳಿದ ಅಧ್ಯಕ್ಷರು ಜೈಲಿನಲ್ಲಿದ್ದರು, ಖಜಾಂಚಿ ಯುದ್ಧಕ್ಕೆ ಹೋಗಿದ್ದರು. ಅವರ ಖಾಲಿ ಕುರ್ಚಿಗಳ ಮೇಲೆ ಅಬ್ಬಲಿಗೆ ಹೂವಿನ ಮಾಲೆಯಿಟ್ಟು, ಕಾರ್ಯದರ್ಶಿಗಳು ಇಬ್ಬರನ್ನೂ ಸಭೆಗೆ ಪರಿಚಯಿಸಿ ಮುಗಿಸಿದ್ದರು.

ಎದ್ದು ನಿಂತೆ. ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಮೆಲ್ಲಗೆ ಕೇಳಿದೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಅವರು ಬಗ್ಗಿ, ನನ್ನ ಕಿವಿಯಲ್ಲಿ ಹೆಸರು ಉಸುರಿದರು. ನಾನು ಅದನ್ನು ಗಟ್ಟಿಯಾಗಿ ಹೇಳಿದಾಗ ಅವರು ಎದ್ದು, ಖಾಲಿ ಬೆಂಚುಗಳಿಗೆ ಕೈಮುಗಿದರು.

ನಮ್ಮಿಬ್ಬರ ಹೊರತು ಆ ಹೆಸರನ್ನು ಅಂದು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಅದಕ್ಕೇ ಇರಬೇಕು, ಮನೆಯಲ್ಲಿ ಒಬ್ಬನೇ ಇದ್ದಾಗ ಈಗಲೂ ಅದನ್ನೊಮ್ಮೆ ಗಟ್ಟಿಯಾಗಿ ಹೇಳುತ್ತೇನೆ.