ಈಸ್ಟರ್ ರಜೆಯ ಲೆಕ್ಕ

ಸೋಲ್ವಿಯ ಬಾಯಿಂದ 'ಖಂಡಿತ' ಎಂಬ ಮಾತು ಕೇಳಿದವರು ನಾರ್ವೆಯ ನಮ್ಮ ಬರ್ಗನ್ ಕಚೇರಿಯಲ್ಲಿ ಯಾರೂ ಇರಲಿಲ್ಲ. ಅಂಟುರೋಗ ಎತ್ತ ಹಬ್ಬುತ್ತದೆಂದು ಗಣಿತದಿಂದ ಅಂದಾಜು ಮಾಡುವ ನಮಗೆಲ್ಲ ಆ ಚಾಳಿ ಇದ್ದದ್ದೇ; ಅವಳಿಗೆ ತುಸು ಹೆಚ್ಚು. ಊಟಕ್ಕೆ ಕರೆದರೂ "ಬರೋ ಸಾಧ್ಯತೆ ಇದೆ" ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಆ ವಸಂತದಲ್ಲಿ ಮಕ್ಕಳಿಗೆ ನಾಯಿಕೆಮ್ಮು ಹಬ್ಬಿತ್ತು. ದೊಡ್ಡ ಮಕ್ಕಳು ಕೆಮ್ಮಿ ಕೆಮ್ಮಿ ಸುಧಾರಿಸಿಕೊಳ್ಳುತ್ತಾರೆ. ಹಸುಗೂಸುಗಳಿಗೆ ಉಸಿರೇ ನಿಂತುಬಿಡಬಹುದು. ಈಸ್ಟರ್‌ಗೆ ಶಾಲೆ ಮುಚ್ಚುವುದರಿಂದ ರೋಗ ಇಳಿಯುತ್ತದೆ ಎಂದಿತು ಸೋಲ್ವಿಯ ಲೆಕ್ಕ. ಪತ್ರಿಕೆಗಳಲ್ಲೂ ಬಂತು.

ರಜೆಯ ಹಿಂದಿನ ದಿನ ಕಚೇರಿ ಖಾಲಿಯಾಗುತ್ತಿತ್ತು. ಎಲ್ಲರ ಹೆಗಲಲ್ಲೂ ಹಿಮದಲ್ಲಿ ಜಾರುವ ಸ್ಕೀ, ಚೀಲದಲ್ಲಿ ಈಸ್ಟರ್ ರೂಢಿಯ ಕಿತ್ತಳೆ. "ನೀನು ಹೊರಡಲ್ವಾ?" ಎಂದು ಸೋಲ್ವಿಯನ್ನು ಕೇಳಿದೆ.

"ನಾಳೆ. ನಮ್ಮ ಬೆಟ್ಟದ ಮನೆಗೆ ಈ ಸಲ ಎಲ್ಲಾರೂ ಬರ್ತಿದಾರೆ. ಅಣ್ಣನ ಮಕ್ಕಳು, ಚಿಕ್ಕಮ್ಮನ ಮೊಮ್ಮಕ್ಕಳು. ಒಂದೇ ಕೋಣೇಲಿ ಸಾಲಾಗಿ ಮಲ್ಕೋಬೇಕು. ತಂಗಿ ಇಂಗುನ್ ಆಗ್ಲೇ ಹೊರಟಿದಾಳೆ, ಕೂಸನ್ನ ಕರ್ಕೊಂಡು..."

ಮಾತು ಅಲ್ಲಿಗೇ ನಿಂತಿತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಯಾರು ಯಾರನ್ನು ಎಷ್ಟು ಭೇಟಿಯಾಗುತ್ತಾರೆಂದು ನಾವು ಜನರನ್ನು ಕೇಳಿದ್ದು ಮಾಮೂಲಿ ವಾರಗಳಲ್ಲಿ. ಶಾಲೆ ಮುಚ್ಚಿದರೆ ಭೇಟಿ ಕಡಿಮೆ ಎಂದು ಹಾಕಿಕೊಂಡಿದ್ದೆವು. ಆದರೆ ಈಸ್ಟರ್ ಎಂದರೆ ಊರಿಗೆ ಊರೇ ಬೆಟ್ಟದ ಮನೆಗಳಲ್ಲಿ ಒತ್ತೊತ್ತಾಗಿ ಮಲಗುವ ವಾರ. ಇದು ಗೊತ್ತಿಲ್ಲದ ನಾರ್ವೆಯವರೇ ಇಲ್ಲ. ನಮ್ಮ ಚೀಲ ಕಟ್ಟುತ್ತಲೇ ನಾವು ಆ ಲೆಕ್ಕ ಹಾಕಿದ್ದೆವು.

ಸೋಲ್ವಿ ತಂಗಿಗೆ ಫೋನ್ ಮಾಡಿದಳು. ಸಿಗಲಿಲ್ಲ. ಮತ್ತೆ ಮಾಡಿದಳು, ಸಿಗಲಿಲ್ಲ. ಬೆಟ್ಟ ಹತ್ತಿದರೆ ಸಿಗ್ನಲ್ ಇರುವುದಿಲ್ಲ.  ಕೊನೆಗೆ ಕಾರಿನ ಸದ್ದಿನ ನಡುವೆ ಇಂಗುನ್‌ಳ ದನಿ ಬಂತು.

"ಇಂಗುನ್, ಕಾರು ತಿರುಗಿಸು. ಕೂಸನ್ನ ಅಲ್ಲಿಗೆ ಒಯ್ಯಬೇಡ."

"ಏನೇ ಇದು? ಭಯ ಇಲ್ಲ ಅಂತ ಪೇಪರ್‌ನಲ್ಲಿ ಹಾಕಿಸಿದ್ದು ನೀನೇ ತಾನೆ?"

"ತಪ್ಪು ಲೆಕ್ಕ ಅದು."

"ಅಮ್ಮ ಒಲೆ ಹಚ್ಚಿ ಕಾಯ್ತಿದಾಳೆ. ಸಾಧ್ಯತೆ ಎಷ್ಟು, ಅದನ್ನಾದ್ರೂ ಹೇಳು ಪ್ರೊಫೆಸರಮ್ಮ."

"ಸಾಧ್ಯತೆ ಗೀಧ್ಯತೆ ಕೇಳಬೇಡ. ತಿರುಗಿಸು ಅಂದ್ರೆ ತಿರುಗಿಸು."

 ಆ ಕಡೆಯಿಂದ ಕಾರು ತಿರುಗಿಸುವ ಇಂಡಿಕೇಟರ್ ಟಿಕ್ ಟಿಕ್ ಎನ್ನುವುದು ಕೇಳಿಸಿತು. ಸೋಲ್ವಿ ಫೋನ್ ಇಟ್ಟು, ತನ್ನ ವರದಿ ತಪ್ಪೆಂದು ಮೇಲಿನವರಿಗೆ ಬರೆಯತೊಡಗಿದಳು. ಅಂದಿನ ವಾರ್ತೆಯಲ್ಲಿ ಅವಳ ಹೆಸರು ಹಿಡಿದೇ ತಪ್ಪನ್ನು ಹೇಳಿದರು.

ರಜೆ ಮುಗಿದ ಮೇಲೆ, ಬೆಟ್ಟದ ಮನೆಗೆ ಹೋಗಿದ್ದ ಸೋಲ್ವಿಯ ಅಣ್ಣನ ಮಕ್ಕಳಿಬ್ಬರಿಗೂ ನಾಯಿಕೆಮ್ಮು ಹಿಡಿಯಿತು. ಸುದ್ದಿ ತಿಳಿದ ಇಂಗುನ್ ಕೂಸನ್ನೆತ್ತಿಕೊಂಡು ನೇರ ಕಚೇರಿಗೇ ಬಂದಳು.

"ಹೋಗಿದ್ರೂ ಏನೂ ಆಗ್ದೇ ಇರಬಹುದಿತ್ತು," ಎಂದಳು ಸೋಲ್ವಿ.

"ನಿನ್ನ ಇರಬಹುದು ನಿನ್ನ ಹತ್ರಾನೇ ಇರಲಿ," ಎಂದು ಇಂಗುನ್ ಕೂಸನ್ನು ಅಕ್ಕನ ತೊಡೆಯ ಮೇಲೆ ಮಲಗಿಸಿದಳು.