ಕೊಪ್ಪೆಯ ಅಡಿಟಿಪ್ಪಣಿ

ನಮ್ಮ ಅತ್ತೆ ಕಥೆ ಹೇಳುವಾಗ ಬೆರಳು ಮಡಚುತ್ತಾರೆ. ಕುರಿ ಹಿಂಡಿನ ಮಾತಿನಿಂದ ನಾಯಿಯ ಮಾತಿಗೆ ಹೊರಳಿದರೆ ಕಿರುಬೆರಳು; ನಾಯಿಯಿಂದ ಅದನ್ನು ಕೊಟ್ಟ ಸೋದರಮಾವನ ಕಡೆ ತಿರುಗಿದರೆ ಅದರ ಪಕ್ಕದ್ದು. ಮಾವನ ಕಥೆ ಮುಗಿದರೆ ಒಂದು ಬೆರಳು ಬಿಚ್ಚುತ್ತದೆ, ನಾಯಿಯದು ಮುಗಿದರೆ ಇನ್ನೊಂದು. ಆಮೇಲೆ ಹಿಂಡು ನಿಂತಲ್ಲಿಂದಲೇ ಹೊರಡುತ್ತದೆ. ಅವರ ತವರಿನಲ್ಲಿ ಕುರಿ ಕಾಯುವ ಹೆಂಗಸರೆಲ್ಲ ಹೀಗೇ ಮಾತಾಡುತ್ತಾರಂತೆ.

ಈ ನೆನಪುಗಳನ್ನು ಪುಸ್ತಕ ಮಾಡುವ ಹುರುಪಿನಲ್ಲಿ ನಾನು ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅವರೆದುರು ಕೂತೆ. ಕುರಿಗಾರರ ಮಾತು ಓದುವವರಿಗೆ ತಿಳಿಯಲೆಂದು ಪುಟದ ಕೆಳಗೆ ಅಡಿಟಿಪ್ಪಣಿ ಬರೆಯುತ್ತಿದ್ದೆ. ಕೆಳಗೆ ಇಳಿಯುವುದೇನೋ ಸುಲಭ. ಮೇಲೆ ಬರುವಷ್ಟರಲ್ಲಿ ಎಲ್ಲಿದ್ದೆನೆಂಬುದೇ ಮರೆತು ಪುಟ ಉರುಳಿಸುತ್ತಾ ಹುಡುಕುತ್ತಿದ್ದೆ. ಅತ್ತೆ ಬೆರಳು ಮಡಚಿಕೊಂಡೇ ಕಾಯುವರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕಂಪ್ಯೂಟರಿಗೆ ಹಿಡಿಶಾಪ ಹಾಕುತ್ತಿದ್ದೆ.

ಕೊನೆಗೆ ಗೆಳತಿಯೊಬ್ಬಳು ಹೇಳಿಕೊಟ್ಟಳು: ಟಿಪ್ಪಣಿಯ ಅಂಕೆಯ ಮೇಲೆ ಎರಡು ಸಲ ಒತ್ತಿದರೆ ಕರ್ಸರ್ ಮೇಲಿನ ಪದಕ್ಕೆ ಹಾರುತ್ತದೆ, ಮೇಲಿನ ಅಂಕೆ ಒತ್ತಿದರೆ ಮತ್ತೆ ಕೆಳಗೆ. ಖುಷಿಯಲ್ಲಿ ಅಂದು ಬೆಳಗ್ಗೆಯೆಲ್ಲ ಸುಮ್ಮನೆ ಮೇಲೂ ಕೆಳಗೂ ಹಾರಾಡಿದೆ. ನಿನ್ನ ಮಷಿನ್ನೂ ಬೆರಳು ಮಡಚುವುದು ಕಲಿಯಿತು ಎಂದು ಅತ್ತೆ ನಕ್ಕರು.

ಪುಸ್ತಕದಲ್ಲಿ ಅತ್ತೆಗೆ ಬೇಕಾಗಿದ್ದದ್ದು ಒಂದೇ ಪ್ರಸಂಗ. ಚಿಕ್ಕಂದಿನಲ್ಲಿ ಹಲವಾಗಲು ಹತ್ತಿರ ಹಳ್ಳ ತುಂಬಿ ಬಂದಾಗ, ಅವರ ಅಕ್ಕ ಕಂಬಳಿಯ ಕೊಪ್ಪೆಯಲ್ಲಿ ಅವರನ್ನು ಬೆನ್ನಿಗೆ ಕಟ್ಟಿಕೊಂಡು ದಾಟಿಸಿದ್ದರಂತೆ. ಅದಕ್ಕಾಗಿ ಅಕ್ಕನಿಗೆ ಒಂದು ಒಳ್ಳೆಯ ಮಾತನ್ನೂ ಅತ್ತೆ ಈವರೆಗೆ ಆಡಿರಲಿಲ್ಲ. ಎದುರಿಗೆ ಹೇಳಲು ನಾಚಿಕೆ.

"ನೀ ಓದು, ಆಕಿ ಕೇಳ್ಲಿ. ನಾ ಮರ್ತಿಲ್ಲ ಅನ್ನೋದು ಆಕಿಗೆ ಗೊತ್ತಾದ್ರ ಸಾಕು" ಎಂದಿದ್ದರು.

ಚಿಗಟೇರಿಯಿಂದ ಆ ಅಕ್ಕ, ನಮ್ಮ ದೊಡ್ಡತ್ತೆ, ಬಂದರು. ಹೋಳಿಗೆ ಊಟವಾದ ಮೇಲೆ ಓದತೊಡಗಿದೆ. ಮಳೆ ಬಂತು, ಅಕ್ಕ ಕೊಪ್ಪೆ ಹೊದ್ದಳು, ಹಿಂಡು ಹಳ್ಳದ ದಂಡೆಗೆ ಬಂತು. ಮುಂದಿನ ಸಾಲಿನಲ್ಲಿ ಹಿಂಡು ಬಾಗಳಿಯ ಹೊಲದಲ್ಲಿ ಮೇಯುತ್ತಿತ್ತು. ಹಳ್ಳ ದಾಟಿದ ಸುದ್ದಿಯೇ ಇಲ್ಲ.

ಅತ್ತೆಯ ಮುಖ ಸಣ್ಣದಾಯಿತು. ಅವರ ಕಿರುಬೆರಳು ಮೆಲ್ಲಗೆ ಮಡಚಿಕೊಂಡಿತು. ಎಲ್ಲವನ್ನೂ ಅಳಿಸಿಬಿಟ್ಟೆನೇ ಎಂದು ಪುಟ ಹಿಂದಕ್ಕೆ ಉರುಳಿಸಿದೆ. ಆಗ 'ಕೊಪ್ಪೆ' ಎಂಬ ಪದದ ಪಕ್ಕದ ಪುಟ್ಟ ಅಂಕೆ ಕಣ್ಣಿಗೆ ಬಿತ್ತು. ಎರಡು ಸಲ ಒತ್ತಿದೆ. ಕರ್ಸರ್ ಕೆಳಗೆ ಹಾರಿತು. 'ಮಳೆಗೆ ತಲೆಯಿಂದ ಇಳಿಬಿಟ್ಟು ಹೊದೆಯುವ ಕಂಬಳಿ' ಎಂದು ಬರೆದವಳು, ಮೇಲೆ ಬರುವುದನ್ನೇ ಮರೆತು, ಅತ್ತೆಯ ಮುಖ ನೋಡುತ್ತಾ ಇಡೀ ಹಳ್ಳವನ್ನು ಅಲ್ಲೇ ಸಣ್ಣಕ್ಷರದಲ್ಲಿ ಹರಿಸಿದ್ದೆ. ಮರುದಿನ ಕೂತಾಗ ಏನೂ ಗೊತ್ತಿಲ್ಲದೆ ಮೇಲಿನಿಂದಲೇ ಮುಂದುವರಿಸಿದ್ದೆ.

ನಗುತ್ತಲೇ ಓದಿದೆ. ಅಕ್ಕನ ಸೊಂಟದವರೆಗೆ ನೀರು ಬಂದದ್ದು, ಕೊಪ್ಪೆಯೊಳಗೆ ಬೆಚ್ಚಗಿದ್ದದ್ದು, ಹೆದರಿಕೆಗೆ ಅಕ್ಕನ ಹೆಗಲು ಕಚ್ಚಿದ್ದು, ಅವತ್ತು ಅಕ್ಕ ಇಲ್ಲದಿದ್ದರೆ ಇವತ್ತು ನಾನಿಲ್ಲ ಎಂಬ ಮಾತು. ದೊಡ್ಡತ್ತೆ ತಮ್ಮ ಹೆಗಲು ಮುಟ್ಟಿ ನೋಡಿಕೊಂಡು ಗೊಳ್ಳೆಂದು ನಕ್ಕರು. ನಗುನಗುತ್ತಲೇ ಕಣ್ಣು ತುಂಬಿದವು. ಇದು ಪದದ ಅರ್ಥ ಬರೆಯುವ ಜಾಗ, ತಪ್ಪಿ ಇಲ್ಲಿ ಬಂದಿದೆ, ಮೇಲಕ್ಕೆ ಎತ್ತಿ ಹಾಕುತ್ತೇನೆ ಎಂದೆ.

"ಯಾಕವಾ ಎತ್ತೋದು? ಕೊಪ್ಪಿ ಅಂದ್ರ ಏನಂತ ಯಾರಾರ ಕೇಳಿದ್ರ, ಇದನ್ನ ಹೇಳ್ಬೇಕಲ್ಲ" ಎಂದರು ದೊಡ್ಡತ್ತೆ.

ಎತ್ತಲಿಲ್ಲ. ಅಂಕೆ ಒತ್ತಿ ಕರ್ಸರ್ ಮೇಲೆ ತಂದೆ. ಅಷ್ಟರಲ್ಲಿ ಅತ್ತೆಯ ಕೈ ದೊಡ್ಡತ್ತೆಯ ಕೈಯೊಳಗೆ ಸೇರಿತ್ತು. ಕಿರುಬೆರಳು ಇನ್ನೂ ಮಡಚಿಯೇ ಇತ್ತು. ದೊಡ್ಡತ್ತೆಯೇ ಅದನ್ನು ಮೆಲ್ಲಗೆ ಬಿಚ್ಚಿ, ಮುಂದೆ ಓದು ಎಂದರು.